ಮೇಲ್ಹೊಟ್ಟೆ ನೋವು ಅಂತ ಕ್ಯಾಷುವಾಲ್ಟಿಗೆ ಬಂದವರ ನೋವು ಇಳಿಸುವುದು ಹೇಗೆ

ಎದೆಗೂಡು ಮುಗಿಯುವ ಜಾಗಕ್ಕೂ ಹೊಕ್ಕಳಿಗೂ ನಡುವೆ ನೋವು ಅಂತ ಹೊಟ್ಟೆ ಹಿಡಿದುಕೊಂಡು ಬರುವವರು ಒಬ್ಬರೂ ಇಲ್ಲದ ಡ್ಯೂಟಿ ಸಿಗುವುದು ಕಷ್ಟ. ಅವರಿಗೆ ನಾವು ಮಾಡಬೇಕಾದ ಕೆಲಸ ಎರಡು. ನೋವು ಇಳಿಸಬೇಕು, ಜೊತೆಗೆ ಆ ನೋವಿನ ಹಿಂದೆ ಜೀವಕ್ಕೆ ಕುತ್ತು ತರುವಂಥದ್ದು ಏನಾದರೂ ಇದೆಯಾ ಅಂತ ಹುಡುಕಬೇಕು. ಎರಡೂ ಒಟ್ಟಿಗೇ ನಡೆಯಬೇಕು. ಆದರೆ ಎಷ್ಟೋ ಕಡೆ ಬಂದವರಿಗೆಲ್ಲ ಆಸಿಡ್ ತಡೆಯುವ ಪ್ಯಾಂಟೊಪ್ರಜೋಲ್ ಮತ್ತು ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಚುಚ್ಚಿ, ಗ್ಯಾಸ್ಟ್ರಿಕ್ ಅಂತ ಬರೆದು, ಡ್ರಿಪ್ಸ್ ಹಾಕಿ ಮಲಗಿಸಿಬಿಡುತ್ತಾರೆ. ಇನ್ನು ಕೆಲವು ಕಡೆ ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡುವ ತನಕ ನೋವಿನ ಇಂಜೆಕ್ಷನ್ ಕೊಡುವುದೇ ಇಲ್ಲ, ಪೇಷೆಂಟ್ ಗಂಟೆಗಟ್ಟಲೆ ಒದ್ದಾಡುತ್ತಿರುತ್ತಾರೆ. ಎರಡೂ ತಪ್ಪು.

ಇದನ್ನು ಬರೆಯುತ್ತಿರುವುದು ಹೊಸದಾಗಿ ಡ್ಯೂಟಿಗೆ ಸೇರಿದ ಡಾಕ್ಟರುಗಳಿಗೆ, ಹೌಸ್ ಸರ್ಜನ್‌ಗಳಿಗೆ, ತಾಲ್ಲೂಕು ಆಸ್ಪತ್ರೆಯ ಸಿಸ್ಟರ್‌ಗಳಿಗೆ. ಮನೆಯವರು ಓದುತ್ತಿದ್ದರೆ ಒಂದು ಮಾತು: ಇಲ್ಲಿ ಹೇಳಿರುವ ಡೋಸ್‌ಗಳೆಲ್ಲ ಆಸ್ಪತ್ರೆಯಲ್ಲಿ, ಬಿ.ಪಿ. ಮತ್ತು ಆಕ್ಸಿಜನ್ ನೋಡಿಕೊಂಡು ಕೊಡುವಂಥವು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಮೇಲ್ಹೊಟ್ಟೆ ನೋವು ಬಂದು ಬೆವರು ಕಿತ್ತುಬಂದರೆ, ಉಸಿರು ಕಟ್ಟಿದ ಹಾಗಾದರೆ, ದವಡೆಗೋ ಭುಜಕ್ಕೋ ನೋವು ಎಳೆದರೆ, ಸೋಡಾ ಕುಡಿಸುತ್ತಾ, ಓಂಕಾಳು ಜಗಿಸುತ್ತಾ, ಹೊಟ್ಟೆ ಉಜ್ಜಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಮೊದಲ ಹತ್ತು ನಿಮಿಷ

ಪೇಷೆಂಟ್ ಒಳಗೆ ಬಂದ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ಮೂವತ್ತು ದಾಟಿದವರು, ಶುಗರ್ ಇರುವವರು, ಬೀಡಿ ಸಿಗರೇಟು ಸೇದುವವರು, ಬೆವರುತ್ತಿರುವವರು, ಇವರಲ್ಲಿ ಯಾರನ್ನೂ ಬಿಡಬೇಡಿ. ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತಾಗ ನೋವು ಎಷ್ಟೋ ಸಲ ಎದೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದ ಹಾಗೆ, ವಾಂತಿ ಬಂದ ಹಾಗೆ ಆಗುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ಇದು ಇನ್ನೂ ಜಾಸ್ತಿ. ‘ಡಾಕ್ಟ್ರೇ, ಮಧ್ಯಾಹ್ನ ಮದುವೆ ಊಟ ಜೋರಾಯ್ತು, ಅಷ್ಟೇ’ ಅಂತ ಪೇಷೆಂಟೇ ಹೇಳುತ್ತಾರೆ. ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ, ಕೇಳಿಸಿಕೊಳ್ಳುತ್ತಲೇ ಲೀಡ್ ಅಂಟಿಸಿ.

ಇ.ಸಿ.ಜಿ.ಯಲ್ಲಿ 2, 3, ಎ.ವಿ.ಎಫ್. ಲೀಡ್‌ಗಳನ್ನು ನಿಧಾನವಾಗಿ ನೋಡಿ. ಅಲ್ಲಿ ಎಸ್.ಟಿ. ಅನ್ನುವ ಗೆರೆ ಮೇಲೆ ಎದ್ದಿದ್ದರೆ ಎದೆಯ ಬಲಗಡೆಗೆ ವಿ4 ಲೀಡ್ ಇಟ್ಟು ಅದನ್ನೂ ತೆಗೆಯಿರಿ. ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯಿಂದ ಬಿ.ಪಿ. ದಬಕ್ಕನೆ ಬೀಳಬಹುದು, ಅಂಥವರಿಗೆ ಅದು ಬೇಡ. ಮೊದಲ ಇ.ಸಿ.ಜಿ. ಚೆನ್ನಾಗಿದ್ದು ನೋವು ಇನ್ನೂ ಇದ್ದರೆ 15–30 ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಒಂದೇ ಸಲ ನೋಡಿ ನೆಗೆಟಿವ್ ಅಂತ ಬಿಡುವ ಪರೀಕ್ಷೆಯಲ್ಲ. ನೋವು ಶುರುವಾಗಿ ಸ್ವಲ್ಪ ಹೊತ್ತಷ್ಟೇ ಆಗಿದ್ದರೆ ಅದು ಏರಿರುವುದೇ ಇಲ್ಲ, ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಲೇಬೇಕು.

ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ, ಅಲರ್ಜಿ ಇಲ್ಲ, ರಕ್ತಸ್ರಾವ ಇಲ್ಲ ಅಂತ ಖಚಿತ ಮಾಡಿಕೊಂಡು ಆಸ್ಪಿರಿನ್ 300–325 ಮಿ.ಗ್ರಾಂ ಜಗಿಸಿ ನುಂಗಿಸಿ. ಕರ್ನಾಟಕದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳಿಸಿ, ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆ ಅದರಲ್ಲಿ ಇದ್ದರೆ, ಇ.ಸಿ.ಜಿ. ಕಳಿಸಬೇಕಾದ ನಂಬರ್ ಯಾವುದು, ಇಂಜೆಕ್ಷನ್ ಯಾವ ಫ್ರಿಜ್‌ನಲ್ಲಿದೆ ಅನ್ನುವುದು ಡ್ಯೂಟಿಯ ಮೊದಲ ದಿನವೇ ಗೊತ್ತಿರಲಿ.

ಇ.ಸಿ.ಜಿ. ತೆಗೆಯುತ್ತಿರುವಾಗಲೇ ಇನ್ನೊಂದು ಕೈ ನಾಡಿ ಹಿಡಿದಿರಬೇಕು. ಬಿ.ಪಿ., ಆಕ್ಸಿಜನ್, ಉಸಿರಿನ ವೇಗ, ಜ್ವರ, ಬೆರಳು ಚುಚ್ಚಿ ಶುಗರ್. ಶುಗರ್ ಯಾಕೆ ಅಂದರೆ, ಅದು ವಿಪರೀತ ಏರಿ ರಕ್ತ ಹುಳಿಯಾದಾಗಲೂ ಹೊಟ್ಟೆ ನೋವು ಮತ್ತು ವಾಂತಿಯೇ ಮುಂದೆ ಕಾಣುತ್ತದೆ. ಅಲ್ಲಿ ನೋವು ಇಳಿಸುವುದು ಇನ್ಸುಲಿನ್ ಮತ್ತು ಸಲೈನ್. ಮಗುವಾಗಲಿ ಹರೆಯದವರಾಗಲಿ, ಜೋರಾಗಿ ಉಸಿರಾಡುತ್ತಾ ಹೊಟ್ಟೆ ನೋವು ಅಂದರೆ ಶುಗರ್ ನೋಡದೆ ಮುಂದೆ ಹೋಗಬೇಡಿ.

ಎರಡು ನಿಮಿಷದಲ್ಲಿ ಕೇಳಬೇಕಾದ್ದು

ನೋವು ಎಲ್ಲಿದೆ ಅಂತ ಬಾಯಲ್ಲಿ ಹೇಳಿಸುವುದಕ್ಕಿಂತ ಕೈಯಲ್ಲಿ ತೋರಿಸಲು ಹೇಳಿ. ‘ಅಜ್ಜಿ, ಎಲ್ಲಿ ನೋಯ್ತಿದೆ, ಕೈ ಇಟ್ಟು ತೋರ್ಸಿ’ ಅಂದರೆ ಸಾಕು. ಒಂದೇ ಬೆರಳಲ್ಲಿ ಒಂದು ಜಾಗ ಮುಟ್ಟುವವರು ಬೇರೆ, ಅಂಗೈ ಪೂರ್ತಿ ಎದೆಯಿಂದ ಹೊಟ್ಟೆಯವರೆಗೆ ಸವರುವವರು ಬೇರೆ. ಮುಂದಕ್ಕೆ ಬಾಗಿ ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದಾರಾ, ಬೆನ್ನಿಗೆ ನೇರ ಇರಿದ ಹಾಗೆ ಆಗುತ್ತಿದೆಯಾ, ಹಾಗಿದ್ದರೆ ಮೇದೋಜೀರಕ ಗ್ರಂಥಿಯ ಊತ ಇರಬಹುದು. ಒಂದು ಜಾಗದಲ್ಲಿ ಇರಲಾರದೆ ಮಗ್ಗಲು ಬದಲಿಸುತ್ತಾ ಒದ್ದಾಡುತ್ತಿದ್ದರೆ ಕಲ್ಲಿನ ನೋವು ಇರಬಹುದು. ಅಲುಗಾಡದೆ, ಉಸಿರನ್ನೂ ಮೆಲ್ಲಗೆ ಬಿಡುತ್ತಾ ಮಲಗಿದ್ದರೆ ಹುಣ್ಣು ತೂತಾಗಿರುವ ಭಯ ಇಟ್ಟುಕೊಳ್ಳಿ.

ಆಮೇಲೆ ಮಾತ್ರೆಗಳು. ಮಂಡಿ ನೋವಿಗೆ ಅಂತ ಅಂಗಡಿಯಲ್ಲಿ ತಂದು ನುಂಗುವ ಮಾತ್ರೆ, ಯಾರೋ ಕೊಟ್ಟ ಪುಡಿ, ಸ್ಟೀರಾಯ್ಡ್, ರಕ್ತ ತೆಳು ಮಾಡುವ ಮಾತ್ರೆ. ಇದನ್ನು ‘ಏನಾದ್ರೂ ಮಾತ್ರೆ ತಗೊಳ್ತೀರಾ’ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ‘ಮಂಡಿ ನೋವಿಗೆ, ಸೊಂಟ ನೋವಿಗೆ ಏನ್ ತಗೊಳ್ತೀರಾ’ ಅಂದರೆ ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದು ತೋರಿಸುತ್ತಾರೆ. ಕುಡಿತದ ವಿಷಯ ಮನೆಯವರ ಎದುರು ಕೇಳಬೇಡಿ, ಕರ್ಟನ್ ಎಳೆದು ಕೇಳಿ. ಕಪ್ಪು ಮಲ, ರಕ್ತವಾಂತಿ, ಹಿಂದೆ ಇದೇ ತರಹ ನೋವು ಬಂದಿತ್ತಾ, ಊಟ ಆದ ಎಷ್ಟು ಹೊತ್ತಿಗೆ, ಇಷ್ಟು ಸಾಕು.

ಹಳ್ಳಿ ಕಡೆ ಕೆಲಸ ಮಾಡುವವರು ಇನ್ನೆರಡು ಪ್ರಶ್ನೆ ಮರೆಯಬಾರದು. ಒಂದು, ರಾತ್ರಿ ಎಲ್ಲಿ ಮಲಗಿದ್ದಿರಿ? ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ ಅಂತ ಬರುತ್ತಾರೆ. ಮೇಲೆ ನೋಡಿ ಅಂತ ಹೇಳಿ ಕಣ್ಣೆವೆ ಜೋಲುತ್ತಿದೆಯಾ ಗಮನಿಸಿ, ನುಂಗಲು, ಮಾತಾಡಲು ತೊಡಕಾಗುತ್ತಿದೆಯಾ ಕೇಳಿ. ಇದ್ದರೆ ಹಾವಿನ ವಿಷಕ್ಕೆ ಕೊಡುವ ಔಷಧಿ ಮತ್ತು ಉಸಿರಾಟದ ತಯಾರಿ, ತಕ್ಷಣ. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ ಈ ಹಾವಿನಲ್ಲಿ ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ, ಅದನ್ನು ನಂಬಿ ಸುಮ್ಮನಾಗಬೇಡಿ. ಎರಡನೆಯದು, ಹೊಲಕ್ಕೆ ಹೊಡೆಯುವ ಔಷಧಿ. ಬಾಯಿಂದ ಜೊಲ್ಲು, ಸೂಜಿ ಮೊನೆಯಷ್ಟಾದ ಕಣ್ಣಪಾಪೆ, ಮೈಯಿಂದ ವಾಸನೆ ಇದ್ದರೆ ಆ ಹೊಟ್ಟೆ ನೋವಿಗೆ ಅಟ್ರೋಪಿನ್ ಬೇಕು. ಬೈಯದೆ, ಒಬ್ಬರೇ ಇರುವಾಗ, ಮೆತ್ತಗೆ ಕೇಳಿದರೆ ಹೇಳುತ್ತಾರೆ.

ಗರ್ಭಿಣಿಯರ ವಿಷಯದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಐದು ತಿಂಗಳು ದಾಟಿದವರು ಮೇಲ್ಹೊಟ್ಟೆ ನೋವು ಅಂದರೆ ಮೊದಲು ಬಿ.ಪಿ., ಆಮೇಲೆ ಮೂತ್ರದಲ್ಲಿ ಪ್ರೋಟೀನ್, ಪ್ಲೇಟ್‌ಲೆಟ್, ಲಿವರ್ ಪರೀಕ್ಷೆ. ಬಿ.ಪಿ. 140/90 ದಾಟಿ ಈ ನೋವು ಬಂದರೆ ಅದು ಫಿಟ್ಸ್‌ಗೆ ಮುನ್ಸೂಚನೆ ಆಗಿರಬಹುದು. ಹೆರಿಗೆ ವಿಭಾಗದವರನ್ನು ಕರೆದು, ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟೇ ಬೇರೆ ಆಸ್ಪತ್ರೆಗೆ ಕಳಿಸಿ. ಹೆರಿಗೆಯಾದ ಮೊದಲ ವಾರಗಳಲ್ಲೂ ಇದು ಬರಬಹುದು, ಮಗು ಆಗಿದೆಯಲ್ಲ ಅಂತ ಬಿಡಬೇಡಿ.

ನೋವಿಗೆ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಅನ್ನುವ ಭಯ

ಹೊಟ್ಟೆ ನೋವಿಗೆ ಜೋರು ಇಂಜೆಕ್ಷನ್ ಕೊಟ್ಟರೆ ಸರ್ಜನ್‌ಗೆ ಹೊಟ್ಟೆ ಬಿಗಿ ಗೊತ್ತಾಗುವುದಿಲ್ಲ ಅನ್ನುವುದು ನೂರು ವರ್ಷ ಹಳೆಯ ಪಾಠ. ಆಗ ಸ್ಕ್ಯಾನ್ ಇರಲಿಲ್ಲ, ಕೈಯೊಂದೇ ಆಧಾರ. ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಮಾರ್ಫಿನ್‌ನಂಥ ಔಷಧಿ ಕೊಟ್ಟವರಲ್ಲಿ ರೋಗ ಪತ್ತೆಯಲ್ಲಿ ತಪ್ಪು ಜಾಸ್ತಿ ಆಗಿಲ್ಲ ಅಂತ ಗೊತ್ತಾಯಿತು. ಈ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿದ 2011ರ ಕಾಕ್ರೇನ್ ವಿಮರ್ಶೆಯೂ ಅದನ್ನೇ ಹೇಳಿತು. ನೋವು ಇಳಿದ ಪೇಷೆಂಟ್ ಹೊಟ್ಟೆ ಸಡಿಲ ಬಿಡುತ್ತಾರೆ, ಎಲ್ಲಿ ಒತ್ತಿದರೆ ನೋಯುತ್ತದೆ ಅಂತ ಸರಿಯಾಗಿ ಹೇಳುತ್ತಾರೆ. ತೂತಾದ ಹೊಟ್ಟೆಯ ಬಿಗಿತ ಸಾಮಾನ್ಯ ಡೋಸ್‌ಗೆ ಮಾಯವಾಗುವಂಥದ್ದಲ್ಲ. ಇಂಜೆಕ್ಷನ್ ಕೊಡುವ ಮೊದಲು ನೀವೇ ಒಂದು ಸಲ ಹೊಟ್ಟೆ ಮುಟ್ಟಿ ನೋಡಿ, ಕಂಡದ್ದನ್ನು ಟೈಮ್ ಹಾಕಿ ಬರೆಯಿರಿ. ಸರ್ಜನ್ ಬಂದಾಗ ‘ಸರ್, ಒಂಬತ್ತೂವರೆಗೆ ನೋಡಿದಾಗ ಹೀಗಿತ್ತು, ಆಮೇಲೆ ಇಷ್ಟು ಕೊಟ್ಟಿದ್ದೇವೆ’ ಅಂತ ಹೇಳಿ. ಯಾವ ಒಳ್ಳೆಯ ಸರ್ಜನ್ನೂ ಇದಕ್ಕೆ ಸಿಟ್ಟಾಗುವುದಿಲ್ಲ.

ಯಾವ ನೋವಿಗೆ ಏನು

ಮೊದಲು ಉರಿ ತರಹದ ನೋವು. ಹುಳಿ ತೇಗು, ಎದೆ ಉರಿ, ಖಾಲಿ ಹೊಟ್ಟೆಯಲ್ಲಿ ಜಾಸ್ತಿ, ಹೊಟ್ಟೆ ಮೆತ್ತಗಿದೆ, ಇ.ಸಿ.ಜಿ. ಸರಿಯಿದೆ. ಇವರಿಗೆ ಬೇಗ ಕೆಲಸ ಮಾಡುವುದು ಡೈಜಿನ್, ಜೆಲುಸಿಲ್‌ನಂಥ ಆಂಟಾಸಿಡ್ ಸಿರಪ್, 15–20 ಮಿ.ಲೀ., ಬಾಯಲ್ಲಿ. ಕೆಲವೇ ನಿಮಿಷದಲ್ಲಿ ತಂಪಾಗುತ್ತದೆ. ಕೆಲವರು ಇದಕ್ಕೆ ಬಾಯಿ ಮರಗಟ್ಟಿಸುವ ಲಿಗ್ನೋಕೇನ್ ಬೆರೆಸುತ್ತಾರೆ, ಅದರ ಅಗತ್ಯ ಇಲ್ಲ. ಆಸ್ಟ್ರೇಲಿಯಾದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು, ಅದರಲ್ಲಿ ಬರೀ ಆಂಟಾಸಿಡ್ ಕುಡಿದವರಿಗೂ ಲಿಗ್ನೋಕೇನ್ ಬೆರೆಸಿ ಕುಡಿದವರಿಗಿಂತ ನೋವೇನೂ ಕಮ್ಮಿ ಇಳಿಯಲಿಲ್ಲ, ಕುಡಿಯಲಿಕ್ಕೂ ಬರೀ ಆಂಟಾಸಿಡ್ಡೇ ಹಿತ ಅನ್ನಿಸಿತು. ಕಿಡ್ನಿ ಕೆಟ್ಟವರಿಗೆ ಮಾತ್ರ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಸಿರಪ್ ಬೇಡ.

ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಒಳ್ಳೆಯ ಔಷಧಿಯೇ, ಆದರೆ ಅದು ಈಗಿನ ನೋವಿಗಲ್ಲ. ಹೊಸದಾಗಿ ಆಸಿಡ್ ಬರುವುದನ್ನು ತಡೆಯುತ್ತದೆ, ಇದಾಗಲೇ ಬಂದಿರುವ ಆಸಿಡ್ಡಿಗೆ ಏನೂ ಮಾಡುವುದಿಲ್ಲ. ಅದರ ಪೂರ್ತಿ ಪರಿಣಾಮಕ್ಕೆ ದಿನಗಳೇ ಬೇಕು. ನಿಂತ ನಿಲುವಿನಲ್ಲಿ ಅದೊಂದನ್ನೇ ಕೊಟ್ಟು, ಅರ್ಧ ಗಂಟೆ ಆದಮೇಲೂ ನೋವು ಇದೆ ಅಂದರೆ ಆಶ್ಚರ್ಯ ಪಡುವಂಥದ್ದೇನಿಲ್ಲ. ರ‍್ಯಾನಿಟಿಡಿನ್ ಈಗಲೂ ಕೆಲವು ಟ್ರೇಗಳಲ್ಲಿ ಕಾಣುತ್ತದೆ. ಅದರಲ್ಲಿ ಕ್ಯಾನ್ಸರ್ ತರಬಲ್ಲ ಅಂಶ ಸಿಕ್ಕಿದ್ದಕ್ಕೆ ಅಮೆರಿಕದಲ್ಲಿ 2020ರಲ್ಲೇ ಮಾರುಕಟ್ಟೆಯಿಂದ ತೆಗೆಸಿದರು, ನಮ್ಮ ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಿಂದಲೂ 2022ರಲ್ಲಿ ಕೈಬಿಟ್ಟರು. ಅದರ ಬದಲು ಫ್ಯಾಮೊಟಿಡಿನ್ ಇದ್ದರೆ ಬಳಸಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಂಟಾಸಿಡ್ ಕುಡಿದ ಮೇಲೆ ನೋವು ಹೋಯಿತು ಅಂದಮಾತ್ರಕ್ಕೆ ಅದು ಹೃದಯದ್ದಲ್ಲ ಅಂತ ತೀರ್ಮಾನಿಸಬಾರದು. ಹಾರ್ಟ್ ಅಟ್ಯಾಕ್‌ನ ನೋವೂ ಏರಿ ಇಳಿಯುತ್ತದೆ, ಸಿರಪ್ ಕುಡಿದ ಹೊತ್ತಿಗೇ ಇಳಿದಿರಬಹುದು. ಅದೇ ರೀತಿ, ನಾಲಿಗೆ ಕೆಳಗಿನ ಮಾತ್ರೆಗೆ ನೋವು ಇಳಿದರೆ ಅದು ಹೃದಯದ್ದೇ ಅಂತಲೂ ಅಲ್ಲ, ಅನ್ನನಾಳದ ಸೆಳೆತವೂ ಅದಕ್ಕೆ ಬಿಡುತ್ತದೆ. ಔಷಧಿಗೆ ಸಿಕ್ಕ ಉತ್ತರದಿಂದ ರೋಗ ಗುರುತಿಸುವ ಅಭ್ಯಾಸ ಬಿಟ್ಟರೆ ಎಷ್ಟೋ ಜೀವ ಉಳಿಯುತ್ತದೆ. ಇ.ಸಿ.ಜಿ. ಇಲ್ಲದೆ ‘ಸಿರಪ್‌ಗೆ ಸರಿಹೋಯ್ತು, ಮನೆಗೆ ಕಳಿಸಿ’ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಪಿತ್ತಕೋಶದ ಕಲ್ಲಿನ ನೋವು ಬೇರೆ ತರಹ. ಎಣ್ಣೆ ಪದಾರ್ಥ ತಿಂದ ಮೇಲೆ, ಹೆಚ್ಚಾಗಿ ರಾತ್ರಿ ಹೊತ್ತು, ಬಲಗಡೆಗೆ ಅಥವಾ ನಡುವೆ ಶುರುವಾಗಿ ಬಲ ಹೆಗಲಿನ ಹಿಂದಕ್ಕೆ ಎಳೆಯುತ್ತದೆ. ಇದಕ್ಕೆ ಡೈಕ್ಲೋಫೆನಾಕ್ 75 ಮಿ.ಗ್ರಾಂ ಸ್ನಾಯುವಿಗೆ, ಇಲ್ಲವೇ ಕೀಟೊರೊಲಾಕ್ 15 ಮಿ.ಗ್ರಾಂ ನರಕ್ಕೆ, ಅಂದರೆ ರಕ್ತನಾಳಕ್ಕೆ (ಐ.ವಿ.). ಕೀಟೊರೊಲಾಕ್ 30 ಮಿ.ಗ್ರಾಂ ಆಂಪೂಲ್ ಒಡೆದೆವು ಅಂತ ಪೂರ್ತಿ ಕೊಡಬೇಕಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 10, 15, 30 ಮೂರೂ ಒಂದೇ ಅಷ್ಟು ನೋವು ಇಳಿಸಿದವು. ಆದರೆ ಈ ಗುಂಪಿನ ಔಷಧಿ ಕೊಡುವ ಮೊದಲು ಹೊಟ್ಟೆಯ ಹುಣ್ಣು, ರಕ್ತವಾಂತಿ, ಕಿಡ್ನಿ ತೊಂದರೆ, ಹಾರ್ಟ್ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ, ಇವು ಯಾವುವೂ ಇಲ್ಲ ಅಂತ ಕೇಳಿ. ಮಳೆಗಾಲದಲ್ಲಿ ಜ್ವರದ ಜೊತೆ ಹೊಟ್ಟೆ ನೋವು ಬಂದರೆ ಡೆಂಗ್ಯೂ ನೆನಪಿರಲಿ. ಅಲ್ಲಿ ಹೊಟ್ಟೆ ನೋವೇ ಒಂದು ಅಪಾಯದ ಗುರುತು, ಡೈಕ್ಲೋಫೆನಾಕ್ ಖಂಡಿತ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಐದು ತಿಂಗಳು ದಾಟಿದ ಗರ್ಭಿಣಿಯರಿಗೂ ಡೈಕ್ಲೋಫೆನಾಕ್, ಕೀಟೊರೊಲಾಕ್ ಬೇಡ. ಕಲ್ಲಿನ ನೋವು ಆರು ಗಂಟೆ ದಾಟಿದರೆ, ಜ್ವರ ಬಂದರೆ, ಬಲ ಪಕ್ಕೆಲುಬಿನ ಕೆಳಗೆ ಒತ್ತಿ ಉಸಿರು ಎಳೆಯಲು ಹೇಳಿದಾಗ ಅರ್ಧಕ್ಕೇ ನಿಲ್ಲಿಸಿದರೆ ಪಿತ್ತಕೋಶ ಊದಿದೆ ಅಂತ ಲೆಕ್ಕ. ಆ್ಯಂಟಿಬಯಾಟಿಕ್, ಸ್ಕ್ಯಾನಿಂಗ್, ಸರ್ಜನ್.

ಹಿಂಡಿ ಬಿಡುವ ಸೆಳೆತದ ನೋವಿಗೆ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ ನಿಧಾನವಾಗಿ ನರಕ್ಕೆ ಕೊಡಬಹುದು. ಡೈಸೈಕ್ಲೋಮಿನ್ ಇಂಜೆಕ್ಷನ್ನು ಸ್ನಾಯುವಿಗೆ ಮಾತ್ರ. ನರಕ್ಕೆ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಡ್ರಿಪ್ಸ್‌ಗೆ ಹಾಕುವುದೂ ತಪ್ಪು. ಎರಡನ್ನೂ ಗ್ಲಾಕೋಮಾ ಇರುವವರಿಗೆ, ಮೂತ್ರ ಕಟ್ಟುವ ಹಿರಿಯರಿಗೆ, ನಾಡಿ ಓಡುತ್ತಿರುವವರಿಗೆ, ಕರುಳು ಕಟ್ಟಿದೆ ಅಂತ ಅನುಮಾನ ಇರುವವರಿಗೆ ಕೊಡಬೇಡಿ.

ಮೇದೋಜೀರಕ ಗ್ರಂಥಿಯ ಊತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಬಹಳ ಹಿಂಸೆಯ ನೋವು. ಪಿತ್ತದ ಕಲ್ಲು ಮತ್ತು ಕುಡಿತ ಇದಕ್ಕೆ ಮುಖ್ಯ ಕಾರಣಗಳು. ಕುಡಿದು ಬಂದಿದ್ದಾನೆ ಅಂತ ನೋವಿನ ಔಷಧಿಯಲ್ಲಿ ಕೈ ಹಿಡಿಯುವುದು ನಮ್ಮ ಕಡೆ ಸಾಮಾನ್ಯ, ಅದು ಅನ್ಯಾಯ. ಕುಡಿದವನ ನೋವೂ ನೋವೇ ಅಲ್ವಾ? ನೋವಿನ ರೀತಿ, ರಕ್ತ ಪರೀಕ್ಷೆಯಲ್ಲಿ ಲೈಪೇಸ್ ಅಥವಾ ಅಮೈಲೇಸ್ ಮಾಮೂಲಿನ ಮೂರು ಪಟ್ಟು ದಾಟಿರುವುದು, ಸ್ಕ್ಯಾನ್‌ನಲ್ಲಿ ಕಾಣುವುದು, ಈ ಮೂರರಲ್ಲಿ ಎರಡು ಇದ್ದರೆ ಕಾಯಿಲೆ ಖಚಿತ. ಪ್ಯಾರಾಸಿಟಮಾಲ್ 1 ಗ್ರಾಂ ಡ್ರಿಪ್ಸ್ ಹದಿನೈದು ನಿಮಿಷದಲ್ಲಿ ಹೋಗಲಿ, 50 ಕೆ.ಜಿ.ಗಿಂತ ಕಮ್ಮಿ ತೂಕದವರಿಗೆ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕ. ಅದರಿಂದ ಸಾಲುವುದು ಅಪರೂಪ, ಮಾರ್ಫಿನ್ ಅಥವಾ ಫೆಂಟನಿಲ್ ಬೇಕಾಗುತ್ತದೆ. ಮಾರ್ಫಿನ್‌ನಿಂದ ಪಿತ್ತನಾಳದ ಬಾಯಿ ಬಿಗಿದು ಕಾಯಿಲೆ ಜಾಸ್ತಿ ಆಗುತ್ತದೆ ಅಂತ ಹಿರಿಯರು ಹೇಳುವುದುಂಟು, ಪೇಷೆಂಟ್‌ಗಳಲ್ಲಿ ಹಾಗೆ ತೊಂದರೆಯಾಗಿದ್ದಕ್ಕೆ ಆಧಾರ ಸಿಕ್ಕಿಲ್ಲ.

ಇವರಿಗೆ ದ್ರವ ಕೊಡುವುದೂ ನೋವು ಇಳಿಸುವ ಕೆಲಸದ ಭಾಗವೇ, ಆದರೆ ಸುರಿಯಬೇಡಿ. 2022ರ ವಾಟರ್‌ಫಾಲ್ ಅಧ್ಯಯನದಲ್ಲಿ ಜೋರಾಗಿ ಸಲೈನ್ ಸುರಿದವರಿಗೆ ಮೈಯಲ್ಲಿ ನೀರು ತುಂಬಿಕೊಳ್ಳುವುದು ಮೂರು ಪಟ್ಟು ಆಯಿತೇ ಹೊರತು ಲಾಭ ಸಿಗಲಿಲ್ಲ. ರಿಂಗರ್ ಲ್ಯಾಕ್ಟೇಟ್, ನೀರು ಬತ್ತಿದ್ದರೆ ಮೊದಲು ಕೆ.ಜಿ.ಗೆ 10 ಮಿ.ಲೀ., ಆಮೇಲೆ ಗಂಟೆಗೆ ಕೆ.ಜಿ.ಗೆ 1.5 ಮಿ.ಲೀ. ಮೂತ್ರ ಎಷ್ಟು ಬರುತ್ತಿದೆ ಅಂತ ಅಳೆದು ಹೆಚ್ಚು ಕಮ್ಮಿ ಮಾಡಿ. ಬಲವಂತವಾಗಿ ಅಂಗಾತ ಮಲಗಿಸಬೇಡಿ. ಮುಂದೆ ಬಾಗಿ ದಿಂಬು ತಬ್ಬಿ ಕೂತರೆ ಹಾಯೆನಿಸುತ್ತದೆ ಅಂದರೆ ಹಾಗೇ ಕೂರಲಿ, ಟ್ರಾಲಿಯ ಕಂಬಿ ಏರಿಸಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.

ಹುಣ್ಣು ತೂತಾದಾಗ ನೋವು ಶುರುವಾದ ನಿಮಿಷವನ್ನೂ ಪೇಷೆಂಟ್ ಹೇಳಬಲ್ಲರು, ಅಷ್ಟು ಹಠಾತ್ತಾಗಿ ಬರುತ್ತದೆ. ಹೊಟ್ಟೆ ಹಲಗೆ ಹಾಗೆ ಗಟ್ಟಿಯಾಗಿರುತ್ತದೆ. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಆ ಗಟ್ಟಿತನ ಇಲ್ಲದೆಯೂ ಇರಬಹುದು. ಸಾಧ್ಯವಾದರೆ ಹತ್ತು ನಿಮಿಷ ನೆಟ್ಟಗೆ ಕೂರಿಸಿ ಎದೆಯ ಎಕ್ಸ್‌ರೇ ತೆಗೆಯಿರಿ, ವಪೆಯ ಕೆಳಗೆ ಗಾಳಿಯ ಗೆರೆ ಕಂಡರೆ ಮುಗಿಯಿತು. ಕಾಣದಿದ್ದರೂ ಅನುಮಾನ ಬಿಡಬೇಡಿ, ಸಿ.ಟಿ. ಮಾಡಿಸಿ. ಬಾಯಿಗೆ ಏನೂ ಬೇಡ, ಆಂಟಾಸಿಡ್ ಸಿರಪ್ ಕೂಡ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್, ಸಲೈನ್, ಆ್ಯಂಟಿಬಯಾಟಿಕ್, ಪ್ಯಾಂಟೊಪ್ರಜೋಲ್, ಮತ್ತು ನೋವಿಗೆ ಧಾರಾಳವಾಗಿ ಮಾರ್ಫಿನ್ ಅಥವಾ ಫೆಂಟನಿಲ್. ಡೈಕ್ಲೋಫೆನಾಕ್ ಮಾತ್ರ ಮುಟ್ಟಬೇಡಿ, ತೂತು ಮಾಡಿದ್ದು ಎಷ್ಟೋ ಸಲ ಅದೇ ಗುಂಪಿನ ಮಾತ್ರೆ.

ಅರವತ್ತು ದಾಟಿದ, ಬೀಡಿ ಸೇದುವ ಗಂಡಸರಿಗೆ ಹೊಟ್ಟೆಯಿಂದ ಬೆನ್ನಿಗೆ ನೋವು ಬಂದು ಬಿ.ಪಿ. ಬಿದ್ದಿದ್ದರೆ ದೊಡ್ಡ ರಕ್ತನಾಳ ಊದಿ ಒಡೆದಿರಬಹುದು, ಟ್ರಾಲಿ ಪಕ್ಕದಲ್ಲೇ ಅಲ್ಟ್ರಾಸೌಂಡ್ ಇಟ್ಟು ನೋಡಿ. ನಾಡಿ ಅಡ್ಡಾದಿಡ್ಡಿ ಇರುವವರು ಹೊಟ್ಟೆ ಮೆತ್ತಗಿದ್ದೂ ಸಹಿಸಲಾರದ ನೋವು ಅಂದರೆ ಕರುಳಿಗೆ ರಕ್ತ ನಿಂತಿರಬಹುದು. ಅಪೆಂಡಿಕ್ಸ್ ನೋವೂ ಮೊದಲು ಮೇಲೆಯೇ ಶುರುವಾಗಿ ಆಮೇಲೆ ಬಲ ಕೆಳಕ್ಕೆ ಇಳಿಯುತ್ತದೆ, ಅದಕ್ಕೇ ಎರಡನೇ ಸಲ ಹೊಟ್ಟೆ ಮುಟ್ಟಿ ನೋಡಬೇಕು.

ಜೋರು ಔಷಧಿ ಕೊಡುವ ರೀತಿ

ಮಾರ್ಫಿನ್ ಕೆ.ಜಿ.ಗೆ 0.05–0.1 ಮಿ.ಗ್ರಾಂ ನರಕ್ಕೆ. ಒಂದೇ ಸಲ ದೂಡುವುದಕ್ಕಿಂತ 10 ಮಿ.ಲೀ. ಸಿರಿಂಜ್‌ಗೆ ಸಲೈನ್ ಸೇರಿಸಿ ತೆಳು ಮಾಡಿಕೊಂಡು 2–3 ಮಿ.ಗ್ರಾಂ ಕೊಡಿ, ಐದರಿಂದ ಹತ್ತು ನಿಮಿಷ ಪಕ್ಕದಲ್ಲೇ ನಿಂತು ನೋಡಿ, ನೋವು ಇದ್ದರೆ ಮತ್ತೆ ಕೊಡಿ. ವಯಸ್ಸಾದವರಿಗೆ ಇನ್ನೂ ಕಮ್ಮಿಯಿಂದ ಶುರು ಮಾಡಿ. ಬಿ.ಪಿ. ಕಮ್ಮಿ ಇದ್ದರೆ, ಕಿಡ್ನಿ ಕೆಟ್ಟಿದ್ದರೆ ಫೆಂಟನಿಲ್ ವಾಸಿ, ಕೆ.ಜಿ.ಗೆ 0.5–1 ಮೈಕ್ರೋಗ್ರಾಂ, ನಿಧಾನವಾಗಿ. ಆಕ್ಸಿಜನ್ ಕ್ಲಿಪ್ ಬೆರಳಿಗೆ ಇರಲೇಬೇಕು, ಇವು ಜಾಸ್ತಿಯಾಗಿ ಉಸಿರು ಇಳಿದರೆ ಕೊಡುವ ನ್ಯಾಲೊಕ್ಸೋನ್ ಟ್ರೇಯಲ್ಲಿ ಇರಬೇಕು.

ಮಾರ್ಫಿನ್ ಸ್ಟಾಕ್ ಇಲ್ಲ ಅನ್ನುವ ಆಸ್ಪತ್ರೆಗಳು ಇನ್ನೂ ಇವೆ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಇದನ್ನು ಇಟ್ಟುಕೊಳ್ಳಲು ಅನುಮತಿ ಪಡೆಯುವುದು ಮೊದಲಿಗಿಂತ ಸುಲಭವಾಗಿದೆ, ಆಡಳಿತದವರ ಬೆನ್ನು ಹತ್ತಿ ತರಿಸಿ. ಅಲ್ಲಿಯವರೆಗೆ ಟ್ರಮಡಾಲ್ 50–100 ಮಿ.ಗ್ರಾಂ, 100 ಮಿ.ಲೀ. ಸಲೈನ್‌ನಲ್ಲಿ ನಿಧಾನವಾಗಿ. ಅದಕ್ಕೆ ವಾಂತಿ ಜಾಸ್ತಿ. ಫಿಟ್ಸ್ ಇರುವವರಿಗೆ, ಖಿನ್ನತೆಯ ಮಾತ್ರೆ ನುಂಗುವವರಿಗೆ ಬೇಡ. ಪೆಂಟಾಜೋಸಿನ್ ಹೃದಯದ ಮೇಲೆ ಭಾರ ಹಾಕುತ್ತದೆ, ಹಾರ್ಟ್ ಅಟ್ಯಾಕ್ ಅನುಮಾನ ಇದ್ದಲ್ಲಿ ಅದನ್ನು ದೂರ ಇಡಿ. ವಾಂತಿಗೆ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ನಿಧಾನವಾಗಿ ಸಾಕು. ವಾಂತಿಗೇ ಕೊಡುವ ಮೆಟೊಕ್ಲೋಪ್ರಮೈಡ್ ಬೇಗ ದೂಡಿದರೆ ಪೇಷೆಂಟ್ ಚಡಪಡಿಸಿ ಹಾಸಿಗೆಯಿಂದ ಎದ್ದು ಓಡಲು ನೋಡುತ್ತಾರೆ, ಎಳೆಯರಲ್ಲಿ ಕತ್ತು ತಿರುಚಿಕೊಳ್ಳುತ್ತದೆ.

ಕೊಟ್ಟ ಮೇಲೆ ಮತ್ತೆ ಕೇಳಿ

ನಮ್ಮಲ್ಲಿ ತಪ್ಪಿಹೋಗುವುದು ಇದೇ. ಔಷಧಿ ಬರೆದಾಯಿತು, ಸಿಸ್ಟರ್ ಕೊಟ್ಟಾಯಿತು, ಇಳಿಯಿತಾ ಅಂತ ಯಾರೂ ಕೇಳುವುದಿಲ್ಲ. ನರಕ್ಕೆ ಕೊಟ್ಟ 15 ನಿಮಿಷಕ್ಕೆ, ಬಾಯಲ್ಲಿ ಕೊಟ್ಟ ಅರ್ಧ ಗಂಟೆಗೆ ಹೋಗಿ ಕೇಳಿ. ಹತ್ತಕ್ಕೆ ಎಷ್ಟು ನೋವು ಅಂದರೆ ಓದಿದವರು ಹೇಳುತ್ತಾರೆ, ಹಳ್ಳಿಯ ಹಿರಿಯರು ತಬ್ಬಿಬ್ಬಾಗುತ್ತಾರೆ. ಅವರಿಗೆ ರೂಪಾಯಿ ಲೆಕ್ಕ ಕೇಳಿ. ‘ಯಜಮಾನ್ರೇ, ಬಂದಾಗ ಹದಿನಾರಾಣೆ ನೋವಿತ್ತು ಅಂದ್ರೆ ಈಗ ಎಷ್ಟಾಣೆ ಉಳಿದಿದೆ?’ ಅಂದರೆ ‘ಎಂಟಾಣೆ ಕಮ್ಮಿ ಆಯ್ತು ಸ್ವಾಮಿ, ಇನ್ನೆಂಟಾಣೆ ಇದೆ’ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ. ಅದನ್ನೇ ಕೇಸ್ ಶೀಟ್‌ನಲ್ಲಿ ಟೈಮ್ ಹಾಕಿ ಬರೆಯಿರಿ. ಎರಡು ಡೋಸ್ ಆದಮೇಲೂ ಇಳಿಯದ ನೋವು ಗ್ಯಾಸ್ಟ್ರಿಕ್ ಅಲ್ಲ. ಅಲ್ಲಿಗೆ ಔಷಧಿ ಏರಿಸುತ್ತಾ ಹೋಗುವುದನ್ನು ನಿಲ್ಲಿಸಿ, ಹೊಟ್ಟೆ ಮತ್ತೆ ಮುಟ್ಟಿ, ಇ.ಸಿ.ಜಿ. ಮತ್ತೆ ತೆಗೆದು, ದೊಡ್ಡವರಿಗೆ ಫೋನ್ ಮಾಡಿ.

ಮನೆಗೆ ಕಳಿಸಬಹುದಾದವರು ಯಾರು? ನೋವು ಇಳಿದಿದೆ, ನಾಡಿ ಬಿ.ಪಿ. ಸರಿಯಿದೆ, ಹೊಟ್ಟೆ ಮೆತ್ತಗಿದೆ, ಎರಡನೇ ಇ.ಸಿ.ಜಿ. ಮತ್ತು ಟ್ರೋಪೋನಿನ್ ಸರಿಯಿದೆ, ಕುಡಿದ ನೀರು ನಿಲ್ಲುತ್ತಿದೆ. ಇಷ್ಟೂ ಇದ್ದರೆ ಕಳಿಸಿ. ಪ್ಯಾಂಟೊಪ್ರಜೋಲ್ ಬರೆದರೆ ತಿಂಡಿಗೆ ಅರ್ಧ ಗಂಟೆ ಮೊದಲು ಅಂತ ಬಾಯಿಬಿಟ್ಟು ಹೇಳಿ, ತಿಂಡಿ ಆದಮೇಲೆ ನುಂಗುವವರೇ ಜಾಸ್ತಿ. ಮಂಡಿ ನೋವಿನ ಮಾತ್ರೆ ನಿಲ್ಲಿಸಿ ಬದಲಿಗೆ ಏನು ಅಂತ ಹೇಳಿ, ಸುಮ್ನೆ ನಿಲ್ಲಿಸಿ ಅಂದರೆ ನಿಲ್ಲಿಸುವುದಿಲ್ಲ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಪ್ಪು ಮಲ ಹೋಗಿದ್ದರೆ, ಅರವತ್ತು ದಾಟಿ ಹೊಸದಾಗಿ ಈ ನೋವು ಬಂದಿದ್ದರೆ ಎಂಡೋಸ್ಕೋಪಿಗೆ ಬರೆದುಕೊಡಿ. ಪದೇಪದೇ ಬರುವವರಿಗೆ ಹೊಟ್ಟೆ ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ. ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆದುಕೊಡಿ: ನೋವು ಮತ್ತೆ ಜೋರಾದರೆ, ಬೆವರು ಬಂದರೆ, ರಕ್ತವಾಂತಿ ಆದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮಧ್ಯರಾತ್ರಿ ಆದರೂ ಸರಿ.

ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ನೋವು ಇಳಿಸಿಯೇ ಆಂಬ್ಯುಲೆನ್ಸ್ ಹತ್ತಿಸಿ, ನಮ್ಮ ರಸ್ತೆಗಳ ಪ್ರತಿ ಹಂಪ್‌ಗೂ ತೂತಾದ ಹೊಟ್ಟೆ ನರಳುತ್ತದೆ. ಚೀಟಿಯಲ್ಲಿ ನೋವು ಶುರುವಾದ ಸಮಯ, ಮೊದಲ ಸಲ ಹೊಟ್ಟೆ ಹೇಗಿತ್ತು, ಯಾವ ಔಷಧಿ ಎಷ್ಟು ಮಿ.ಗ್ರಾಂ ಎಷ್ಟು ಗಂಟೆಗೆ, ಕೊನೆಯ ಊಟ ಯಾವಾಗ, ಇಷ್ಟು ಬರೆಯಿರಿ. ಎಲ್ಲ ಇ.ಸಿ.ಜಿ.ಗಳ ಜೆರಾಕ್ಸ್ ಪಿನ್ ಮಾಡಿ, ಚೀಟಿಯನ್ನು ಪೇಷೆಂಟ್ ಜೊತೆ ಹೋಗುವವರ ಕೈಗೇ ಕೊಟ್ಟು, ಆ ಕಡೆ ಡ್ಯೂಟಿಯಲ್ಲಿ ಇರುವವರಿಗೆ ಫೋನ್‌ನಲ್ಲಿ ಓದಿ ಹೇಳಿ.